ಎತ್ತಿನ ಪಕ್ಕ ಮಲಗಿದವನ ಸಾಕ್ಷ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಜೋಡೆತ್ತಿನ ಗಾಡಿ ಓಟ ಕರಪತ್ರದಲ್ಲಿ ಅಚ್ಚಾದ ದಿನ ಬೆಳಿಗ್ಗೆ ಶುರುವಾಗುವುದಿಲ್ಲ. ಹಿಂದಿನ ದಿನ ಇಳಿಹೊತ್ತಿಗೇ ಶುರುವಾಗಿರುತ್ತದೆ. ಕಟಾವು ಮುಗಿದ ಬಯಲಿಗೆ ಪಿಕಪ್ ಗಾಡಿಗಳು, ಕ್ಯಾಂಟರುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಹಲಗೆ ಒರಗಿಸಿ ರಾಸುಗಳನ್ನು ಇಳಿಸುತ್ತಾರೆ, ಗೂಟ ಹೊಡೆದು ಕಟ್ಟುತ್ತಾರೆ, ಕಾಲು ನೀವುತ್ತಾರೆ, ನೀರು ಕುಡಿಸುತ್ತಾರೆ. ಹುಲ್ಲಿನ ಹೊರೆ, ಹುರುಳಿ, ಹಿಂಡಿ, ಬೂಸಾ, ನೊಗ, ಹಗ್ಗ, ಟಾರ್ಪಾಲು, ಅಡುಗೆಯ ಪಾತ್ರೆ ಎಲ್ಲ ಗಾಡಿಯಿಂದ ಕೆಳಗಿಳಿಯುತ್ತವೆ. ಮೂರು ಕಲ್ಲಿನ ಒಲೆಯ ಮೇಲೆ ಮುದ್ದೆಗೆ ಎಸರಿಡುವ ಹೊತ್ತಿಗೆ ಬಯಲಲ್ಲಿ ಒಂದು ಊರೇ ಎದ್ದಿರುತ್ತದೆ. ಒಂದೊಂದು ಜೋಡಿಯ ಸುತ್ತ ಹತ್ತಾರು ಮಂದಿ. ಅವರಲ್ಲಿ ಒಬ್ಬ ರಾಸಿನ ಯಜಮಾನ, ಒಬ್ಬ ಗಾಡಿ ಓಡಿಸುವವ, ಉಳಿದವರೆಲ್ಲ ಅಭಿಮಾನಿಗಳು. ಅಭಿಮಾನಿಗಳಲ್ಲಿ ಎಷ್ಟೋ ಜನರ ಮನೆಯಲ್ಲಿ ಈಗ ಎತ್ತುಗಳೇ ಇಲ್ಲ. ಆದರೂ ಅವರು ರಾತ್ರಿಯಿಡೀ ಅಲ್ಲೇ ಇರುತ್ತಾರೆ. ರಾಸು ಮೇವು ಬಿಟ್ಟಿತೇ, ಮೈ ಬೆಚ್ಚಗಿದೆಯೇ, ಯಾಕೆ ಕಾಲು ಬದಲಿಸುತ್ತಿದೆ ಎಂದು ಸರದಿಯಲ್ಲಿ ಎದ್ದು ನೋಡುತ್ತಾರೆ.

ಈ ಬಿಡಾರವನ್ನು ನಾನು ಹಗುರವಾಗಿ ಕಾಣುವವನಲ್ಲ. ಮಂಡ್ಯದ ಮೈಷುಗರ್ ಕಾರ್ಖಾನೆ 1930ರ ದಶಕದಲ್ಲಿ ಕಬ್ಬು ಅರೆಯಲು ತೊಡಗಿದ ಮೇಲೆ, ನಾಲೆ ಬಯಲಿನ ರೈತರು ಗಾಡಿ ತುಂಬ ಕಬ್ಬು ಹೇರಿಕೊಂಡು ಹೋಗಿ, ತೂಕದ ಸರದಿ ಬರುವವರೆಗೆ ಗಾಡಿಯ ಕೆಳಗೇ ಮಲಗಿ ರಾತ್ರಿ ಕಳೆದವರು. ಎತ್ತು ಸೋತರೆ ಅವರ ವರ್ಷವೇ ಸೋಲುತ್ತಿತ್ತು. ಆ ದುಡಿಮೆ ಟ್ರ್ಯಾಕ್ಟರಿನ ಪಾಲಾಗಿದೆ. ಎತ್ತಿನ ಜೊತೆ ರಾತ್ರಿ ಕಳೆಯುವ ರೂಢಿ ಮಾತ್ರ ಓಟದ ಬಯಲಲ್ಲಿ ಉಳಿದುಕೊಂಡಿದೆ. ಸಾಲ, ಬೆಲೆ ಕುಸಿತ, ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಚಿಂತೆಯ ನಡುವೆ ಬೆಳೆದ ಹುಡುಗನಿಗೆ ‘ನಮ್ಮ ಜೋಡಿ’ ಎಂದು ಹೇಳಿಕೊಳ್ಳಲು ಒಂದು ಹೆಮ್ಮೆ ಬೇಕು. ಅದನ್ನು ಅವನಿಂದ ಕಿತ್ತುಕೊಳ್ಳುವ ಹಕ್ಕು ನಗರದಲ್ಲಿ ಕೂತು ಬರೆಯುವ ಯಾರಿಗೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಹೊರಗಿನ ಜಗತ್ತಿನಲ್ಲೂ ಇಂಥ ಬಿಡಾರಗಳಿವೆ. ಅಮೆರಿಕದ ಡೇಟೋನಾ, ಟ್ಯಾಲಡೀಗಾಗಳಲ್ಲಿ ಸ್ಟಾಕ್ ಕಾರ್ ಓಟದ ಅಭಿಮಾನಿಗಳು ವಾರಾಂತ್ಯವಿಡೀ ಓಟದ ಹಾದಿಯ ಒಳಸುತ್ತಿನ ಮೈದಾನದಲ್ಲೇ ಡೇರೆ ಹಾಕಿ, ಅಡುಗೆ ಮಾಡಿಕೊಂಡು, ತಮ್ಮ ನೆಚ್ಚಿನ ಚಾಲಕನ ಬಾವುಟ ಹಾರಿಸಿಕೊಂಡು ಇರುತ್ತಾರೆ. ಎರಡು ಬಿಡಾರಗಳ ಹುರುಪು ಒಂದೇ, ಒಲೆಯ ಸುತ್ತಲಿನ ಮಾತೂ ಹೆಚ್ಚುಕಡಿಮೆ ಒಂದೇ ಇರಬಹುದು. ಆದರೆ ಅಲ್ಲಿ ಓಡುವುದು ಯಂತ್ರ. ಒಳಗೆ ಕೂತವನು ಅಪಾಯ ತಿಳಿದು ಒಪ್ಪಿಕೊಂಡ ಮನುಷ್ಯ. ನಮ್ಮ ಬಯಲಲ್ಲಿ ಓಡುವ ಜೀವದ ಒಪ್ಪಿಗೆಯನ್ನು ಯಾರೂ ಕೇಳಿಲ್ಲ, ಕೇಳಲು ಬರುವುದೂ ಇಲ್ಲ. ಒಪ್ಪಿಗೆ ಹೇಳಲಾರದವರ ಪರವಾಗಿ ತೀರ್ಮಾನ ಮಾಡುವಾಗ ನಮ್ಮ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಮಗುವಿನ ವಿಷಯದಲ್ಲಿ, ಪ್ರಜ್ಞೆ ತಪ್ಪಿದ ರೋಗಿಯ ವಿಷಯದಲ್ಲಿ ಈ ತತ್ವವನ್ನು ನಾವೆಲ್ಲ ಒಪ್ಪಿಕೊಂಡಿದ್ದೇವೆ.

ನನ್ನ ವಾದ ಇಷ್ಟೇ: ಎತ್ತಿಗೆ ನೋವು, ಹೆದರಿಕೆ, ನೆಮ್ಮದಿ ಉಂಟು ಎಂಬುದಕ್ಕೆ ನ್ಯಾಯಾಲಯಕ್ಕಿಂತ, ಪ್ರಾಣಿದಯಾ ಸಂಘಕ್ಕಿಂತ ಬಲವಾದ ಸಾಕ್ಷಿ ಆ ರಾತ್ರಿ ಅದರ ಪಕ್ಕ ಮಲಗಿದ ಅಭಿಮಾನಿ. ಕಿವಿ ಹಿಂದಕ್ಕೆ ಮಲಗಿದರೆ ಏನು, ಬಾಲ ಬಿಗಿದರೆ ಏನು, ಉಸಿರು ಏರಿದರೆ ಏನು, ಸಗಣಿ ತೆಳುವಾದರೆ ಏನು ಎಂಬುದು ಅವನಿಗೆ ಗೊತ್ತು. ಹಸುಗಳ ಕಣ್ಣಿನ ಬಿಳಿಭಾಗ ಎಷ್ಟು ಕಾಣುತ್ತದೆ ಎಂಬುದನ್ನು ಅಳೆದು, ಅವುಗಳ ಹತಾಶೆ ಮತ್ತು ನೆಮ್ಮದಿಯನ್ನು ಗುರುತಿಸಬಹುದೇ ಎಂದು ನಾರ್ವೆಯ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಹತಾಶೆಯಲ್ಲಿ ಬಿಳಿ ಹೆಚ್ಚು ಕಾಣುತ್ತದೆ ಎಂದು ಕಂಡುಕೊಂಡಿದ್ದಾರೆ. ‘ಕಣ್ಣು ಅಳ್ಳಾಡಿಸ್ತಾ ಅದೆ, ಹೆದರೈತೆ’ ಎಂದು ಬಿಡಾರದಲ್ಲಿ ಹುಡುಗನೊಬ್ಬ ಹೇಳುವ ಮಾತಿನಲ್ಲಿ ಇರುವುದೂ ಅದೇ ತಿಳಿವಳಿಕೆ. ರಾತ್ರಿ ಇಷ್ಟು ಬಲ್ಲವನಿಗೆ, ಬೆಳಿಗ್ಗೆ ಅಖಾಡದಲ್ಲಿ ಬಾರುಕೋಲು ಅದೇ ಬೆನ್ನಿನ ಮೇಲೆ ಬಿದ್ದಾಗ ‘ಅದಕ್ಕೇನೂ ಆಗಲ್ಲ’ ಎನ್ನಲು ಬರುವುದಿಲ್ಲ. ಎರಡೂ ಮಾತು ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ.

ಕಾನೂನಿನ ಹಾದಿಯನ್ನು ಸ್ವಲ್ಪ ನೋಡಬೇಕು, ಏಕೆಂದರೆ ಬಿಡಾರಗಳಲ್ಲಿ ಅದು ಅರ್ಧಂಬರ್ಧವಾಗಿ ಹರಿದಾಡುತ್ತಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2011ರ ಜುಲೈನಲ್ಲಿ ಹೋರಿಯನ್ನು ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಸೇರಿಸಿತು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಬಾಲ ತಿರುಚುವುದು, ಕಚ್ಚುವುದು, ಮೊಳೆ ಇರುವ ಕೋಲಿನಿಂದ ತಿವಿಯುವುದು ಎಲ್ಲವೂ ಆ ತೀರ್ಪಿನ ಮುಂದಿದ್ದ ವರದಿಗಳಲ್ಲಿ ದಾಖಲಾಗಿವೆ. 2017ರ ಜನವರಿಯಲ್ಲಿ ಚೆನ್ನೈನ ಮರೀನಾ ಕಡಲತೀರದಲ್ಲಿ ಜನ ಹಗಲುರಾತ್ರಿ ಕೂತು ಜಲ್ಲಿಕಟ್ಟಿಗಾಗಿ ಹೋರಾಡಿದ ಬೆನ್ನಿಗೇ, ಫೆಬ್ರುವರಿಯಲ್ಲಿ ಕರ್ನಾಟಕದ ವಿಧಾನಮಂಡಲ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಕೊಡುವ ತಿದ್ದುಪಡಿಯನ್ನು ಅಂಗೀಕರಿಸಿತು. ಅದರ ಪರಿಷ್ಕೃತ ರೂಪಕ್ಕೆ ರಾಷ್ಟ್ರಪತಿಯ ಒಪ್ಪಿಗೆ ಬಂದದ್ದು 2018ರ ಫೆಬ್ರುವರಿಯಲ್ಲಿ. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು.

‘ಕೋರ್ಟೇ ಒಪ್ಪಿದೆ, ಇನ್ನೇನು?’ ಎಂದು ಈಗ ಕೇಳುತ್ತಾರೆ. ಕೋರ್ಟು ಒಪ್ಪಿದ್ದು ಷರತ್ತಿನ ಓಟವನ್ನು. ಪ್ರಾಣಿಗೆ ಅನಗತ್ಯ ನೋವು, ಯಾತನೆ ಕೊಡಬಾರದು ಎಂಬುದು ನಮ್ಮ ರಾಜ್ಯದ ತಿದ್ದುಪಡಿಯೊಳಗೇ ಇರುವ ಮಾತು. ಷರತ್ತು ಪಾಲನೆಯಾಗದಿದ್ದರೆ ಅನುಮತಿಗೆ ಇರುವ ಬುಡವೇ ಹೋಗುತ್ತದೆ. ಇನ್ನೊಂದು ಹಳೆಯ ನಿಯಮವನ್ನು ಇಲ್ಲಿ ನೆನೆಯಬೇಕು. ಹೊರೆ ಎಳೆಯುವ ಪ್ರಾಣಿಗಳ ಬಗ್ಗೆ 1965ರಲ್ಲೇ ಬಂದ ಕೇಂದ್ರದ ನಿಯಮಗಳು, ಗಾಡಿ ಎಳೆಯುವ ಪ್ರಾಣಿಗೆ ಮೊಳೆ ಅಥವಾ ಮುಳ್ಳಿರುವ ಕೋಲನ್ನು ಬಳಸಬಾರದು ಎನ್ನುತ್ತವೆ. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೊರೆ ಎಳೆಸಬಾರದು ಎಂದೂ ಹೇಳುತ್ತವೆ. ಹೊಟ್ಟೆಪಾಡಿಗಾಗಿ ಗಾಡಿ ಹೊಡೆಯುವ ಬಡವನಿಗೆ ಅನ್ವಯಿಸುವ ಈ ನೀತಿ ಸಂತೋಷಕ್ಕಾಗಿ ಗಾಡಿ ಓಡಿಸುವವನಿಗೆ ಇನ್ನೂ ಬಿಗಿಯಾಗಿ ಅನ್ವಯಿಸಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಏಪ್ರಿಲ್ ಬಿಸಿಲಿನ ನಡುಮಧ್ಯಾಹ್ನ ಜೋಡಿಗಳನ್ನು ಅಖಾಡಕ್ಕೆ ಇಳಿಸುವ ಆಯೋಜಕರು ಇದನ್ನು ಯೋಚಿಸಬೇಕು.

ಕಾಯ್ದೆ ಇದ್ದರೂ ಅದರ ಕೈ ಎಷ್ಟು ಚಿಕ್ಕದೆಂದು ತಿಳಿದರೆ ಅಭಿಮಾನಿಯ ಪಾತ್ರ ಏಕೆ ದೊಡ್ಡದು ಎಂಬುದು ಅರ್ಥವಾಗುತ್ತದೆ. 1960ರ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆದು ಹಿಂಸಿಸಿದ ಮೊದಲ ತಪ್ಪಿಗೆ ಬರೆದಿರುವ ದಂಡ 10ರಿಂದ 50 ರೂಪಾಯಿ. ಗೆದ್ದವರಿಗೆ ಬೈಕು, ಲಕ್ಷಗಟ್ಟಲೆ ನಗದು ಇಡುವ ಸ್ಪರ್ಧೆಯಲ್ಲಿ 50 ರೂಪಾಯಿಯ ಭಯ ಯಾರಿಗೂ ಇರುವುದಿಲ್ಲ. ಸಾವಿರಾರು ಜನ ನೆರೆದ ಬಯಲಲ್ಲಿ ಬೆರಳೆಣಿಕೆಯ ಪೊಲೀಸರು ಜನರನ್ನು ಹಿಂದಕ್ಕೆ ತಳ್ಳುವುದರಲ್ಲೇ ಸುಸ್ತಾಗುತ್ತಾರೆ. ಪ್ರತಿ ಜೋಡಿಯ ಬೆನ್ನು ನೋಡುವುದು ಅವರಿಂದ ಆಗುವ ಕೆಲಸವಲ್ಲ. ಹಾಗಾಗಿ ಷರತ್ತು ಜಾರಿಯಾಗುವುದಾದರೆ ಅದು ಹಗ್ಗದ ಈಚೆ ನಿಂತ ಜನರ ಕಣ್ಣಿನಿಂದಲೇ. ಸವಾರ ಕೋಲೆತ್ತಿದಾಗ ಕೇಕೆ ಹಾಕುವುದೋ, ಛೀ ಎನ್ನುವುದೋ ಎಂಬ ಆಯ್ಕೆ ಅವರ ಕೈಯಲ್ಲಿದೆ. ಜನರ ಕೇಕೆಗಾಗಿಯೇ ಓಡಿಸುವ ಸವಾರನಿಗೆ ಅದಕ್ಕಿಂತ ದೊಡ್ಡ ದಂಡ ಇಲ್ಲ.

ಇಷ್ಟು ಹೇಳಿದೊಡನೆ ಏಳುವ ಆಕ್ಷೇಪಗಳು ನನಗೆ ಗೊತ್ತು. ಅವು ಸುಮ್ಮನೆ ತಳ್ಳಿಹಾಕುವಂಥವಲ್ಲ.

ಮೊದಲನೆಯದು: ಉಳುಮೆಗೆ ಹೊಡೆಯುತ್ತೇವೆ, ಮಾಂಸಕ್ಕೆ ಕಡಿಯುತ್ತೇವೆ, ಸಂಕ್ರಾಂತಿಯ ಸಂಜೆ ಇದೇ ರಾಸುಗಳಿಗೆ ಕಿಚ್ಚು ಹಾಯಿಸುತ್ತೇವೆ, ಅರ್ಧ ನಿಮಿಷದ ಓಟದ ಮೇಲೆ ಮಾತ್ರ ಏಕೆ ಕಣ್ಣು? ಇದರಲ್ಲಿ ನ್ಯಾಯದ ಅಂಶವಿದೆ. ಹಳ್ಳಿಯವನ ಆಟದ ಮೇಲೆ ಬೀಳುವ ನೋಟ ನಗರದ ಕುದುರೆ ರೇಸಿನ ಮೇಲೆ, ಕೋಳಿ ಸಾಕಣೆಯ ಕಿರಿದಾದ ಪಂಜರಗಳ ಮೇಲೆ ಅಷ್ಟೇ ಕಟುವಾಗಿ ಬೀಳುವುದಿಲ್ಲ. ಮೈಸೂರು, ಬೆಂಗಳೂರಿನ ರೇಸ್‌ಕೋರ್ಸುಗಳಲ್ಲಿ ಚಾವಟಿ ಬೀಸುವುದನ್ನು ಕಂಡೂ ಕಾಣದವರು ಮಳವಳ್ಳಿಯ ರೈತನಿಗೆ ಅಹಿಂಸೆಯ ಪಾಠ ಹೇಳಿದರೆ ಅವನಿಗೆ ಸಿಟ್ಟು ಬರುವುದು ಸಹಜ. ಆದರೆ ಇನ್ನೊಂದು ಕಡೆ ಅನ್ಯಾಯವಾಗುತ್ತಿದೆ ಎಂಬುದು ಈ ಕಡೆಯ ನೋವನ್ನು ಕಡಿಮೆ ಮಾಡುವುದಿಲ್ಲ. ಅದು ಎರಡನ್ನೂ ಪ್ರಶ್ನಿಸಲು ಕಾರಣವಾಗಬೇಕು. ಉಳುಮೆಗೂ ಓಟಕ್ಕೂ ಇರುವ ವ್ಯತ್ಯಾಸವನ್ನು ಕಾಯ್ದೆಯೇ ಗುರುತಿಸುತ್ತದೆ: ನೋವು ಅಗತ್ಯವಿತ್ತೇ ಎಂಬುದು ಅದರ ಪ್ರಶ್ನೆ. ಉಳದಿದ್ದರೆ ಮನೆಯಲ್ಲಿ ಅನ್ನವಿಲ್ಲ ಎಂದವನಿಗೆ ಒಂದು ಉತ್ತರವಿತ್ತು. ಓಡಿಸದಿದ್ದರೆ ಏನಿಲ್ಲ ಎಂದು ಕೇಳಿದರೆ, ನಮ್ಮ ಖುಷಿ ಇಲ್ಲ ಎಂಬುದಷ್ಟೇ ಉತ್ತರ. ಖುಷಿಗೆ ಬೆಲೆಯಿದೆ, ನಿಜ. ಇನ್ನೊಂದು ಜೀವದ ನೋವಿನಿಂದ ಆ ಬೆಲೆ ತೆರಬಹುದೇ ಎಂಬುದು ಪ್ರಶ್ನೆ. ಕಿಚ್ಚು ಹಾಯಿಸುವ ವಾಡಿಕೆಯೂ ಇದೇ ಪ್ರಶ್ನೆಯ ಮುಂದೆ ನಿಲ್ಲಬೇಕಾಗುತ್ತದೆ. ಅದಕ್ಕೆ ಬೇರೆ ರಿಯಾಯಿತಿ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ಎರಡನೆಯದು ಪರಂಪರೆಯ ಮಾತು. ಎತ್ತಿನ ಓಟ ನಮ್ಮ ಸಂಸ್ಕೃತಿ, ಅದರಲ್ಲಿ ಕೈಯಾಡಿಸಬೇಡಿ ಎನ್ನುತ್ತಾರೆ. 2023ರ ತೀರ್ಪಿನಲ್ಲಿ ನ್ಯಾಯಾಲಯ, ಯಾವುದು ಸಂಸ್ಕೃತಿಯ ಭಾಗ ಎಂದು ತೀರ್ಮಾನಿಸುವ ಕೆಲಸವನ್ನು ಶಾಸಕಾಂಗಕ್ಕೆ ಬಿಟ್ಟಿತು. ನಾನು ಆ ಚರ್ಚೆಗೆ ಇಳಿಯದೆ, ಮದ್ದೂರು ತಾಲ್ಲೂಕಿನದೇ ಇನ್ನೊಂದು ಪರಂಪರೆಯನ್ನು ಮುಂದಿಡುತ್ತೇನೆ. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ಮಗ್ಗುಲಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಹಕ್ಕಿ ಕೂತ ಮರದ ಹುಣಸೆಹಣ್ಣನ್ನು ಊರಿನವರು ಬಿಟ್ಟುಕೊಡುತ್ತಾರೆ; ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತ ಬಂದಿದೆ. ಗೂಡಿನಿಂದ ಬಿದ್ದ ಮರಿಗಳನ್ನು ಹೆಜ್ಜಾರ್ಲೆ ಬಳಗದ ಊರಿನ ಯುವಕರು ಬೇಲಿಯೊಳಗೆ ಇಟ್ಟು ಮೀನು ತಿನ್ನಿಸಿ ಬೆಳೆಸಿದ್ದಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ಹಿರಿಯರ ನಂಬಿಕೆ, ಹಿಕ್ಕೆ ಗೊಬ್ಬರವಾಗುತ್ತದೆ ಎಂಬ ರೈತನ ಲೆಕ್ಕ, ನಿಸರ್ಗಪ್ರೇಮಿಗಳ ಅಧ್ಯಯನ, ಸರ್ಕಾರದ ಪರಿಹಾರ ಎಲ್ಲ ಸೇರಿ ಆ ಪರಂಪರೆ ನಿಂತಿದೆ. ಹಳೆಯದರಲ್ಲಿ ಉಳಿಸಿಕೊಳ್ಳತಕ್ಕದ್ದನ್ನು ಉಳಿಸಿ, ಬೇಕಾದಲ್ಲಿ ಹೊಸ ನಿಯಮ ಸೇರಿಸಿ ನಡೆಸುವುದು ಈ ಸೀಮೆಯ ಜನರಿಗೆ ಹೊಸದೇನಲ್ಲ. ಅದೇ ತಾಲ್ಲೂಕಿನ ಗಾಡಿ ಓಟವನ್ನು ಮಾತ್ರ ತಿದ್ದಲಾಗದ್ದು ಎನ್ನುವುದಕ್ಕೆ ಆಧಾರವೇನು? ಅಷ್ಟಕ್ಕೂ ಇವತ್ತಿನ ಓಟವೇ ಹಳೆಯ ಓಟವಲ್ಲ. ಓಟಕ್ಕೆಂದೇ ಹಗುರವಾಗಿ ಕಟ್ಟಿಸಿದ ಗಾಡಿ, ಗಡಿಯಾರದ ಲೆಕ್ಕ, ಡಿಜೆ, ಫ್ಲೆಕ್ಸು, ಮೊಬೈಲಿನಲ್ಲಿ ನೇರ ಪ್ರಸಾರ ಇವೆಲ್ಲ ಬಂದಾಗ ಪರಂಪರೆ ಕೆಟ್ಟಿತೆಂದು ಯಾರೂ ಅಡ್ಡಿ ಮಾಡಲಿಲ್ಲ. ಕೋಲು ಬಿಟ್ಟರೆ ಮಾತ್ರ ಅದು ಕೆಡುತ್ತದೆ ಎಂಬುದನ್ನು ನಂಬುವುದು ಕಷ್ಟ.

ಮೂರನೆಯ ಆಕ್ಷೇಪ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದೆ: ಓಟ ನಿಂತರೆ ಹಳ್ಳಿಕಾರ್ ತಳಿಯೇ ಅಳಿಯುತ್ತದೆ. ಹಳ್ಳಿಕಾರ್ ಸಾಮಾನ್ಯ ತಳಿಯಲ್ಲ. ಮೈಸೂರು ಅರಸರ ಕಾಲದಿಂದ ಹೈದರ್, ಟಿಪ್ಪು ಕಾಲದವರೆಗೆ ಬೆಳೆದು ಫಿರಂಗಿ ಎಳೆದ ಅಮೃತ್ ಮಹಲ್ ದನಗಳ ಹಿಂದೆ ಈ ರಕ್ತವಿದೆ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿದೆ. ಉಳುಮೆಯ ಬೇಡಿಕೆ ಕುಸಿದ ಮೇಲೆ ಒಳ್ಳೆಯ ಹೋರಿಗೆ ಲಕ್ಷಗಳ ಬೆಲೆ ಬರುತ್ತಿರುವುದರಲ್ಲಿ ಓಟಕ್ಕೂ ಜಾತ್ರೆಗೂ ಪಾಲಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಫಲ ಯಾರಿಗೆ ಸಿಗುತ್ತದೆ ಎಂದು ಕೇಳಬೇಕು. ಓಟ ಕಾಪಾಡುವುದು ವೇಗದ ಕೆಲವು ಗಂಡು ರಾಸುಗಳನ್ನು, ಅವುಗಳನ್ನು ಸಾಕಲು ಹಣವಿರುವ ಕೆಲವರನ್ನು. ತಳಿ ಉಳಿಯುವುದು ಹಸುವಿನಿಂದ. ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಡುವ ಹಳ್ಳಿಕಾರ್ ಹಸುವನ್ನು ಕಟ್ಟಿಕೊಂಡ ಸಣ್ಣ ರೈತನಿಗೆ ಡೇರಿಯ ಲೆಕ್ಕದಲ್ಲಿ ನಷ್ಟವೇ. ಅವನ ಮನೆಯಲ್ಲಿ ಹುಟ್ಟಿದ, ಓಡಲಾರದ ಸಾಮಾನ್ಯ ಗಂಡುಕರುವಿನ ಗತಿ ಏನು? 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಅದನ್ನು ಮಾರುವ ದಾರಿಯೂ ಇಕ್ಕಟ್ಟಾಗಿದೆ. ಅದನ್ನು ಸಾಕುವ ಖರ್ಚನ್ನು ಯಾವ ಬಹುಮಾನದ ಹಣವೂ ತುಂಬಿಕೊಡುವುದಿಲ್ಲ. ತಳಿಯ ಮೇಲೆ ನಿಜವಾದ ಕಾಳಜಿಯಿದ್ದರೆ, ಓಟದ ಪ್ರವೇಶ ಶುಲ್ಕದ ಒಂದು ಪಾಲು ಆಸುಪಾಸಿನ ಊರುಗಳ ಹಳ್ಳಿಕಾರ್ ಹಸು ಸಾಕುವವರಿಗೆ ಹೋಗಲಿ. ಆಗ ತಳಿಯ ವಾದಕ್ಕೆ ತೂಕ ಬರುತ್ತದೆ. ಅಲ್ಲಿಯವರೆಗೆ ಅದು ಪ್ರಾಮಾಣಿಕವಾದ ಆದರೆ ಅಪೂರ್ಣವಾದ ವಾದ.

ಹಸುವಿನ ಮಾತು ಬಂದಾಗ ಹೆಣ್ಣುಮಕ್ಕಳ ಮಾತೂ ಬರಬೇಕು. ಬಿಡಾರ ಹೆಚ್ಚುಕಡಿಮೆ ಗಂಡಸರದು. ಆದರೆ ವರ್ಷವಿಡೀ ಕೊಟ್ಟಿಗೆಯ ಸಗಣಿ ಬಾಚುವುದು, ಹುಲ್ಲು ಕೊಯ್ದು ಹೊತ್ತು ತರುವುದು, ಹುರುಳಿ ಬೇಯಿಸುವುದು ಬಹಳ ಮನೆಗಳಲ್ಲಿ ಹೆಂಗಸರ ಪಾಲಿಗೆ ಬಿದ್ದ ಕೆಲಸ. ಓಟದ ಮೇಲೆ ಕಟ್ಟಿದ ಬಾಜಿಯಲ್ಲಿ ಹಣ ಹೋದರೆ ಆ ಹೊರೆ ಇಳಿಯುವುದೂ ಅವರ ಅಡುಗೆಮನೆಯ ಮೇಲೆ. ಓಟದ ಲಾಭನಷ್ಟವನ್ನು ತೂಗುವಾಗ ಬಯಲಲ್ಲಿ ಇಲ್ಲದ ಇವರನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೊನೆಯ ಆಕ್ಷೇಪ ಎಲ್ಲಕ್ಕಿಂತ ನೇರವಾದುದು: ‘ಕೋಲು ಇಲ್ದೆ ರಾಸು ಓಡಾಕಿಲ್ಲ ಕಣಣ್ಣ.’ ಇದು ನಂಬಿಕೆಯ ಮಾತಲ್ಲ, ಪರೀಕ್ಷಿಸಿ ನೋಡಬಹುದಾದ ಮಾತು. ಕುದುರೆಗಳ ವಿಷಯದಲ್ಲಿ ಪರೀಕ್ಷೆ ನಡೆದಿದೆ. ಬ್ರಿಟನ್ನಿನಲ್ಲಿ ಕಲಿಯುವ ಸವಾರರಿಗಾಗಿ ಚಾವಟಿಯಿಂದ ಹೊಡೆಯದೆ, ಬರಿ ಕೈಕಾಲಿನ ಸನ್ನೆಯಿಂದ ಓಡಿಸುವ ಸ್ಪರ್ಧೆಗಳಿವೆ. ಆಸ್ಟ್ರೇಲಿಯಾದ ಸಂಶೋಧಕರು ಅವನ್ನು ಚಾವಟಿಗೆ ಅವಕಾಶವಿದ್ದ ಅಂಥದೇ ಸ್ಪರ್ಧೆಗಳೊಂದಿಗೆ ಹೋಲಿಸಿ, ಒಟ್ಟು 126 ಓಟಗಳ ವರದಿಗಳನ್ನು ಪರಿಶೀಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು: ಓಟದ ವೇಗದಲ್ಲಾಗಲಿ, ಕುದುರೆ ನೇರವಾಗಿ ಓಡುವುದರಲ್ಲಾಗಲಿ, ಸುರಕ್ಷತೆಯಲ್ಲಾಗಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ನಾರ್ವೆ 1982ರಲ್ಲೇ ಓಟದಲ್ಲಿ ಚಾವಟಿಯಿಂದ ಹೊಡೆಯುವುದನ್ನು ನಿಷೇಧಿಸಿತು; ಅಲ್ಲಿ ಕುದುರೆ ಓಟ ನಿಂತುಹೋಗಿಲ್ಲ.

ಕುದುರೆ ಬೇರೆ, ಎತ್ತು ಬೇರೆ ಎಂದರೆ ಅದೂ ಸರಿಯೇ. ಕುದುರೆಯ ಮೈಕಟ್ಟು ಓಟಕ್ಕೆ ಒಗ್ಗಿದ್ದು. ಎತ್ತಿನದು ನಿಧಾನವಾಗಿ ಭಾರ ಎಳೆಯಲು ಒಗ್ಗಿದ್ದು, ಗೊರಸೂ ಸೀಳಿದ್ದು. ಹೆದರಿದಾಗ ತಪ್ಪಿಸಿಕೊಳ್ಳಲು ಓಡುವುದು ಅದರ ಸ್ವಭಾವ. ಹಾಗಾಗಿ ಓಟವೇ ಭಯದ ಗುರುತಾಗಿರಬಹುದು. 2014ರ ತೀರ್ಪಿನ ತರ್ಕವೂ ಈ ದಿಕ್ಕಿನದೇ. ಇದಕ್ಕೆ ಎದುರಾಗಿ, ಚೆನ್ನಾಗಿ ಪಳಗಿಸಿದ ಜೋಡಿ ಯಜಮಾನನ ಕೂಗಿಗೇ ಕಿವಿ ನಿಮಿರಿಸಿ ಹೊರಡುತ್ತದೆ ಎನ್ನುವ ರೈತರೂ ಇದ್ದಾರೆ. ಅವರ ಅನುಭವವನ್ನು ನಾನು ಅಲ್ಲಗಳೆಯಲಾರೆ. ಯಾರ ಮಾತು ಸರಿ ಎಂಬುದನ್ನು ಮಂಡ್ಯದಲ್ಲೇ ಇತ್ಯರ್ಥ ಮಾಡಬಹುದು. ಪಕ್ಕದಲ್ಲೇ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರ ಇದೆ, ಪಶುವೈದ್ಯ ಇಲಾಖೆ ಇದೆ. ಅವೇ ಜೋಡಿಗಳನ್ನು ಅದೇ ಅಖಾಡದಲ್ಲಿ ಒಮ್ಮೆ ಕೋಲಿಲ್ಲದೆ, ಬರಿಗೈಯಲ್ಲಿ, ಕೂಗಿನಿಂದ ಮಾತ್ರ ಓಡಿಸಿ, ಓಟದ ಮೊದಲೂ ಆಮೇಲೂ ನಾಡಿ, ಉಸಿರು, ಮೈಶಾಖ, ಗಾಯಗಳನ್ನು ವೈದ್ಯರು ಬರೆದಿಡಲಿ. ಕೂಗಿಗೆ ಓಡಿದರೆ ಕೋಲು ಬೇಕಾಗಿಲ್ಲ ಎಂದಾಯಿತು. ಅದನ್ನು ಹಿಡಿಯುವುದು ಅಂದಿನಿಂದ ಅಪರಾಧ. ಓಡದಿದ್ದರೆ, ಅಥವಾ ಓಡಿದರೂ ವಿಪರೀತ ಹೆದರಿಕೆಯ ಗುರುತುಗಳು ಕಂಡರೆ, ನೋವಿಲ್ಲದೆ ಈ ಆಟ ನಡೆಯುವುದಿಲ್ಲ ಎಂದಾಯಿತು. ಆಗ ತಿದ್ದುಪಡಿಯ ಷರತ್ತನ್ನು ಪಾಲಿಸಿ ಓಟ ನಡೆಸುವುದು ಅಸಾಧ್ಯ, ಓಟ ನಿಲ್ಲಬೇಕು. ಫಲಿತಾಂಶ ಯಾವ ಕಡೆ ಬಂದರೂ ಒಪ್ಪಲು ನಾನು ಸಿದ್ಧನಿದ್ದೇನೆ. ಓಟದ ಪರ ಇರುವವರಿಂದಲೂ ಅದೇ ಸಿದ್ಧತೆಯನ್ನು ಕೇಳುವುದು ಅತಿಯಾಗಲಾರದು.

ಮನುಷ್ಯರ ಜೀವದ ಪ್ರಶ್ನೆಯೂ ಇದೆ. ಗಾಡಿಗೆ ಬ್ರೇಕಿಲ್ಲ. ಬೆದರಿದ ಜೋಡಿಯನ್ನು ತಡೆಯಲು ಸವಾರನ ಕೈಯಲ್ಲಿರುವುದು ಮೂಗುದಾರಕ್ಕೆ ಬಿಗಿದ ಹಗ್ಗ ಮಾತ್ರ. ಅಖಾಡದ ಇಕ್ಕೆಲದಲ್ಲಿ, ಮುಕ್ತಾಯದ ಗೆರೆಯ ಆಚೆ, ಮೊಬೈಲು ಎತ್ತಿ ಹಿಡಿದ ಹುಡುಗರು ಗೋಡೆಯಂತೆ ನಿಂತಿರುತ್ತಾರೆ. ಗಾಡಿ ಜನರ ಮೇಲೆ ನುಗ್ಗಿ ನೋಡಲು ಬಂದವರು ಸತ್ತದ್ದು ಮಂಡ್ಯ ತಾಲ್ಲೂಕಿನಲ್ಲೇ ವರದಿಯಾಗಿದೆ. ‘ಹಣೆಬರಹ’ ಎಂದು ಎದ್ದುಹೋಗುವ ರೂಢಿ ನಮ್ಮಲ್ಲಿದೆ. ಮೋಟಾರು ಓಟದ ಜಗತ್ತು ಹಾಗೆ ಮಾಡಲಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಕಾರೊಂದು ಚೂರಾಗಿ ಜನರ ಮೇಲೆ ಹಾರಿ 80ಕ್ಕೂ ಹೆಚ್ಚು ಜನ ಸತ್ತಾಗ ಸ್ವಿಟ್ಜರ್ಲೆಂಡ್ ತನ್ನ ನೆಲದಲ್ಲಿ ಅಂಥ ಓಟಗಳನ್ನೇ ನಿಷೇಧಿಸಿತು. ಉಳಿದ ದೇಶಗಳಲ್ಲಿ ಪ್ರೇಕ್ಷಕರ ರಕ್ಷಣೆ ದೊಡ್ಡ ಪ್ರಶ್ನೆಯಾಯಿತು. 2001ರ ಫೆಬ್ರುವರಿ 18ರಂದು ಡೇಟೋನಾದ ಕೊನೆಯ ಸುತ್ತಿನಲ್ಲಿ ಡೇಲ್ ಅರ್ನ್‌ಹಾರ್ಟ್ ಸತ್ತರು. ಸ್ಟಾಕ್ ಕಾರ್ ಓಟದ ಅಭಿಮಾನಿಗಳಿಗೆ ಅವರು ಅಪ್ರತಿಮ ನಾಯಕ. ಅದೇ ವರ್ಷದ ಅಕ್ಟೋಬರಿನಲ್ಲಿ ತಲೆ ಮತ್ತು ಕುತ್ತಿಗೆಯನ್ನು ಹಿಡಿದಿಡುವ ಪಟ್ಟಿ ಕಡ್ಡಾಯವಾಯಿತು, ಮುಂದಿನ ವರ್ಷಗಳಲ್ಲಿ ಗಟ್ಟಿ ಗೋಡೆಗಳ ಮುಂದೆ ಹೊಡೆತ ಹೀರುವ ತಡೆಗಳು ಬಂದವು. ಆ ಓಟದ ಅತ್ಯುನ್ನತ ಸರಣಿಯ ಸ್ಪರ್ಧೆಗಳಲ್ಲಿ ಆಮೇಲೆ ಚಾಲಕರ ಸಾವು ಸಂಭವಿಸಿಲ್ಲ. ಓಟದ ರೋಚಕತೆ ಹಾಳಾಯಿತೆಂದು ಅಭಿಮಾನಿಗಳು ಬಿಡಾರ ಹೂಡುವುದನ್ನು ಬಿಡಲೂ ಇಲ್ಲ.

ಹಾಗಾದರೆ ಮುಂದಿನ ಓಟದ ಕರಪತ್ರದಲ್ಲಿ ಬಹುಮಾನಗಳ ಪಟ್ಟಿಯ ಕೆಳಗೆ ಇನ್ನೂ ಕೆಲವು ಸಾಲುಗಳಿಗೆ ಜಾಗ ಮಾಡಬೇಕು. ಕೋಲು, ಚಾವಟಿ, ಮೊಳೆ, ಬಾಲ ತಿರುಚುವುದು ಕಂಡರೆ ಆ ಜೋಡಿ ಸ್ಪರ್ಧೆಯಿಂದ ಹೊರಗೆ, ಶುಲ್ಕ ವಾಪಸಿಲ್ಲ. ಪಶುವೈದ್ಯರು ಬೇಡವೆಂದ ರಾಸು ನೊಗಕ್ಕೆ ಇಲ್ಲ; ಅವರ ಮಾತಿನ ಮೇಲೆ ಯಜಮಾನನಾಗಲಿ ಶಾಸಕರಾಗಲಿ ಮಾತಾಡುವಂತಿಲ್ಲ. ಮಧ್ಯಾಹ್ನ 12ರಿಂದ 3 ಓಟವಿಲ್ಲ. ಮುಕ್ತಾಯದ ಗೆರೆಯ ಆಚೆ ಗಾಡಿ ತಾನಾಗಿ ನಿಲ್ಲುವಷ್ಟು ಉದ್ದದ ಖಾಲಿ ಹಾದಿ, ಇಕ್ಕೆಲದಲ್ಲಿ ಎರಡು ಸಾಲು ಗಟ್ಟಿ ಬೇಲಿ. ಪ್ರತಿ ಜೋಡಿಯ ಬಿಡಾರದಿಂದ ಇಬ್ಬರು ಇನ್ನೊಂದು ಜೋಡಿಯ ಓಟಕ್ಕೆ ವೀಕ್ಷಕರಾಗಿ ಹಾದಿಯ ಪಕ್ಕದಲ್ಲಿ ನಿಲ್ಲಬೇಕು, ಕಂಡದ್ದನ್ನು ಬರೆದು ಸಹಿ ಹಾಕಬೇಕು. ರಾತ್ರಿ ರಾಸಿನ ಉಸಿರು ಕೇಳಿಕೊಂಡು ಎಚ್ಚರವಿದ್ದ ಹುಡುಗರನ್ನೇ ಈ ಕೆಲಸಕ್ಕೆ ಹಾಕಬೇಕೆಂದು ನಾನು ಆಯೋಜಕರನ್ನು ಕೇಳುತ್ತೇನೆ. ಅವರಷ್ಟು ಬಲ್ಲವರು ಆ ಬಯಲಲ್ಲಿ ಬೇರೆ ಯಾರೂ ಇರುವುದಿಲ್ಲ.